ಶೇಷ ಒಂದು

ಗ್ಯುಮ್ರಿಯಲ್ಲಿ ರಾತ್ರಿ ಎರಡೂ ಮುಕ್ಕಾಲು.
ಬೇಕರಿಯ ರೇಡಿಯೋಕ್ಕೆ ಆಂಟೆನಾ ಮುರಿದು ವರ್ಷವಾಯಿತು,
ಆ ಜಾಗಕ್ಕೊಂದು ಫೋರ್ಕು ಸಿಕ್ಕಿಸಿದ್ದಾರೆ.
ಹಗಲು ಯಾರೂ ಕೇಳದ ಕಾರ್ಯಕ್ರಮವನ್ನು
ರಾತ್ರಿ ಹೇಗೂ ಯಾರೂ ಕೇಳುವುದಿಲ್ಲವೆಂದು ಮರುಪ್ರಸಾರ ಮಾಡುತ್ತಾರೆ:
ಗಣಿತ. ಅರ್ಧ ಗಂಟೆ. ಒಂದೇ ಹೆಂಗಸಿನ ದನಿ, ತುಸು ನೆಗಡಿ.

ವರ್ಸೆನಿಕಳಿಗೆ ಮೊಣಕೈವರೆಗೂ ಹಿಟ್ಟು.
"ಹಾಡು ಹಾಕೇ ಮಾರಾಯ್ತಿ" ಅನ್ನುತ್ತಾನೆ ಹಮಾಯಾಕ್
ಒಲೆಗೆ ಸೌದೆ ತುರುಕುತ್ತ,
"ಲೆಕ್ಕ ಕೇಳಿ ಯಾರ ಹೊಟ್ಟೆ ತುಂಬಿದೆ?"
ಹಿಟ್ಟು ಐದಕ್ಕೆ ನೀರು ಮೂರು,
ನಿನ್ನ ಹೊಟ್ಟೆ ತುಂಬಿದ್ದೇ ಹಾಗೆ, ಎನ್ನುವುದಿಲ್ಲ ಅವಳು.

ರೇಡಿಯೋದೊಳಗೆ ಕರಿಹಲಗೆಯಿಲ್ಲ.
"ಒಂದು ವೃತ್ತ ಬರೆಯಿರಿ" ಎಂದು ದನಿ ಕಾಯುತ್ತದೆ.
ಬರೆದರೋ ಬಿಟ್ಟರೋ ಅದಕ್ಕೆ ತಿಳಿಯುವ ಬಗೆಯಿಲ್ಲ,
ಆದರೂ ಕಾಯುತ್ತದೆ, ಒಂದು ವೃತ್ತದಷ್ಟು ಹೊತ್ತು.
ಆ ಮೌನದಲ್ಲಿ ವರ್ಸೆನಿಕ್ ಮೇಜಿನ ಹಿಟ್ಟಿನ ಮೇಲೆ
ಬೆರಳಾಡಿಸುತ್ತಾಳೆ. ವೃತ್ತ. ಅದನ್ನು ಸೀಳುವ ಗೆರೆ.
ಆಮೇಲೆ ಅದೇ ಹಿಟ್ಟು ಬಳಿದು ಮುಂದಿನ ಮುದ್ದೆಗೆ ಸವರುತ್ತಾಳೆ.
ನಾಳೆ ಊರು ತಿನ್ನುವ ರೊಟ್ಟಿಯಲ್ಲಿ ಒಂದೆರಡು ವೃತ್ತ ಇದ್ದೇ ಇರುತ್ತವೆ.

ಆ ರೊಟ್ಟಿಯ ಹೆಸರು ಮತ್ನಾಕಾಶ್:
ಬೆರಳಲ್ಲಿ ಎಳೆದದ್ದು, ಅಷ್ಟೇ, ಅವರ ನುಡಿಯಲ್ಲಿ.
ನನ್ನ ಕಿವಿಗೆ ಮಾತ್ರ ಅದರ ಬಾಲದಲ್ಲೊಂದು ಆಕಾಶ ಕೇಳುತ್ತದೆ.
ಪಕ್ಕದಲ್ಲೇ ಅದರ ವಾಣಿಯೂ ಗೊರಗುಟ್ಟುತ್ತಿರುವಾಗ
ನಾನೇನು ಮಾಡಲಿ.

ಈ ರಾತ್ರಿ ದನಿ ಹೇಳುತ್ತಿದೆ:
ಅವಿಭಾಜ್ಯ ಸಂಖ್ಯೆಗಳು ಎಲ್ಲೋ ಒಂದು ಕಡೆ ಮುಗಿಯುತ್ತವೆ
ಎಂದುಕೊಳ್ಳೋಣ.

ವರ್ಸೆನಿಕಳ ಕೈ ನಿಂತಿತು.

ಎಂಟನೇ ತರಗತಿ. ಡಿಸೆಂಬರ್.
ಅವರ ನುಡಿಯಲ್ಲಿ ಆ ಮಾತು ವಾಕ್ಯದ ಮೊದಲಿಗೇ ಬರುತ್ತದೆ.
ತೊರ್ಗೋಮ್ ಮೇಷ್ಟ್ರು ಹಲಗೆಯ ಮೇಲೆ ಅಷ್ಟೇ ಬರೆದಿದ್ದರು:
ಎಂದುಕೊಳ್ಳೋಣ
ಒರೆಸುವ ಬಟ್ಟೆ ನೆನೆಸಿ ತಾ ಎಂದು ಇವಳನ್ನು
ಅಂಗಳದ ನಲ್ಲಿಗೆ ಕಳಿಸಿದ್ದರು.
ನಲ್ಲಿಯಲ್ಲಿ ನೀರು ಓರೆಯಾಗಿ ಬಿತ್ತು, ಅದೊಂದು ನೆನಪಿದೆ.
ತಿರುಗಿ ನೋಡಿದರೆ ಬಟ್ಟೆ ಕೈಯಲ್ಲಿತ್ತು,
ಒರೆಸಲು ಗೋಡೆಯೇ ಇರಲಿಲ್ಲ.
ಆ ಲೆಕ್ಕ ಇದೇ ಆಗಿತ್ತೋ, ಬೇರೆಯೋ.
ಯಾರನ್ನು ಕೇಳುವುದು.

"ಮುಗಿದವು ಅಂತಲೇ ಇಟ್ಟುಕೊಳ್ಳಿ. ಅಷ್ಟನ್ನೂ ಗುಣಿಸಿ.
ಬಂದದ್ದಕ್ಕೆ ಒಂದು ಕೂಡಿಸಿ. ಈಗ..."
ಗಡಿಯಾಚೆಯ ಸ್ಟೇಷನ್ನೊಂದು ನಡುವೆ ನುಗ್ಗಿತು,
ಯಾರದೋ ಮದುವೆ, ಡೋಲು.
"ಆಹಾ!" ಎಂದ ಹಮಾಯಾಕ್.
ಫೋರ್ಕು ತಿರುಗಿಸಿದಳು, ಬಾಗಿಸಿದಳು,
ಹಿಟ್ಟುಗೈಯಲ್ಲಿ ಅದನ್ನು ಹಿಡಿದು ತಾನೇ ಆಂಟೆನಾ ಆಗಿ ನಿಂತಳು.
ದನಿ ಮರಳಿದಾಗ ಹವಾಮಾನ ವರದಿ.

ಸರಿ.
ಎರಡು, ಮೂರು, ಐದು. ಲೋಕದಲ್ಲಿ ಇವಿಷ್ಟೇ ಎಂದುಕೊಳ್ಳೋಣ.
ಗುಣಿಸಿದರೆ ಮೂವತ್ತು ಮುದ್ದೆ. ಇನ್ನೊಂದು ಹಿಸುಕಿ ಇಟ್ಟಳು.
ಎರಡೆರಡಾಗಿ ಜೋಡಿಸಿದಳು, ಒಂದು ಉಳಿಯಿತು.
ಮೂರು ಮೂರಾಗಿ. ಒಂದು.
ಐದೈದಾಗಿ. ಅದೇ ಒಂದು, ಯಾವ ಸಾಲಿಗೂ ಸೇರದೆ
ಅಂಚಿನಲ್ಲಿ ಕೂತು ಮೆಲ್ಲಗೆ ಉಬ್ಬುತ್ತ.
ಇದನ್ನು ಸಾಲಿಗೆ ಸೇರಿಸಬಲ್ಲ ಅಂಕಿ ಪಟ್ಟಿಯಲ್ಲಿಲ್ಲ.
ಹೊರಗೆಲ್ಲೋ ಇದೆ.
ಪಟ್ಟಿ ಎಷ್ಟು ಉದ್ದ ಮಾಡಿದರೂ, ಹೊರಗೆಲ್ಲೋ ಇದೆ.

ವಾಕ್ಯ ಮುಗಿಯುವವರೆಗೂ ಛಾವಣಿ ಛಾವಣಿಯಾಗಿಯೇ ಇತ್ತು.

ಹಮಾಯಾಕ್ ಎಣಿಸಿದ. "ಮೂವತ್ತೊಂದು? ಆರ್ಡರು ಮೂವತ್ತಲ್ಲವಾ?"
"ಒಂದು ಕೂಡಿಸಿದೆ."
"ಯಾರಿಗೆ?"
ಅದನ್ನು ರೇಡಿಯೋ ಹೇಳಿರಲಿಲ್ಲ.

ಬೆಂದು ಬಂದಾಗ ಅದರ ಒಂದು ಮಗ್ಗುಲು ಸೀದಿತ್ತು.
ಒಲೆಯ ಮುಂದೆ ಕೂತು ಇಬ್ಬರೂ ಮುರಿದು ತಿಂದರು,
ಉಪ್ಪು ಕಡಿಮೆ ಎನ್ನುತ್ತ ಅವನು,
ಬರುವ ಗುರುವಾರ ಇದೇ ಹೊತ್ತಿಗೆ,
ಫೋರ್ಕು ಮುಟ್ಟಬೇಡ ಎನ್ನುತ್ತ ಅವಳು.